ಪಂಚರ್ ಹಾಕಿಸುವುದಾ, ಹೊಸ ಟಯರಾ?

ಕರಾವಳಿಯ ಹುಡುಗರು ವ್ಯಾಪಾರಕ್ಕೆಂದು ಘಟ್ಟ ಹತ್ತುವುದು ಹೊಸತಲ್ಲ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಲ್ಲಿ ಅಂಗಡಿಗಳಿಗೆ ಮಾಲು ಹಾಕುವವರಿಗೆ ಬೈಕೇ ಆಧಾರ. ಅಲ್ಲಿನ ದಾರಿ ನಮ್ಮ ಕಡೆಯ ಹಾಗಲ್ಲ. ಒಂದೂರು ದಾಟಿದರೆ ಇನ್ನೊಂದೂರಿನ ತನಕ ಎರೆ ಹೊಲ, ರಸ್ತೆ ಬದಿಯಲ್ಲಿ ಜಾಲಿ ಗಿಡ. ಮಧ್ಯದಲ್ಲಿ ಗಾಳಿ ಹೋದರೆ ತಳ್ಳಿಕೊಂಡೇ ಹೋಗಬೇಕು.

ಹಾಗಾಗಿ ಪಂಚರ್ ಅಂಗಡಿಯಲ್ಲಿ ಎಲ್ಲರೂ ಕೇಳುವುದು ಒಂದೇ: "ಇದು ಇನ್ನೂ ಸ್ವಲ್ಪ ದಿನ ಓಡುತ್ತದಾ?" ಇದಕ್ಕೆ ಉತ್ತರ ಬರೀ ತೂತಿನ ಗಾತ್ರದಲ್ಲಿಲ್ಲ, ತೂತು ಎಲ್ಲಿ ಬಿದ್ದಿದೆ ಎಂಬುದರಲ್ಲಿದೆ.

ರಸ್ತೆಗೆ ತಾಗುವ ದಪ್ಪ ಭಾಗದಲ್ಲಿ ಮುಳ್ಳು, ಮೊಳೆ ಚುಚ್ಚಿ ಸಣ್ಣ ತೂತಾದರೆ ರಿಪೇರಿ ಸಾಕು. ಟ್ಯೂಬ್‌ಲೆಸ್ ಟಯರಿನಲ್ಲಿ 6 ಮಿ.ಮೀ. ತನಕದ ತೂತನ್ನು ಸರಿಪಡಿಸಬಹುದು ಎಂಬುದು ಸಾಮಾನ್ಯ ಲೆಕ್ಕ. ಹೊರಗಿನಿಂದ ತುರುಕುವ ರಬ್ಬರ್ ಬತ್ತಿ ಊರು ಮುಟ್ಟಿಸುತ್ತದೆ; ಟಯರ್ ಕಳಚಿ ಒಳಗಿನಿಂದ ಹಾಕುವ ಪ್ಯಾಚ್ ಹೆಚ್ಚು ಗಟ್ಟಿ. ಟ್ಯೂಬ್ ಇರುವ ಗಾಡಿಯಾದರೆ ಟ್ಯೂಬಿಗೆ ಪ್ಯಾಚ್ ಹಾಕಿಸಿದರೆ ಸಾಲದು. ಜಾಲಿ ಮುಳ್ಳಿನ ತುದಿ ಮುರಿದು ಟಯರಿನೊಳಗೇ ಉಳಿಯುತ್ತದೆ. ಅದನ್ನು ಹುಡುಕಿ ಕೀಳದಿದ್ದರೆ ಮರುದಿನ ಮತ್ತೆ ಅದೇ ಪಂಚರ್.

ಆದರೆ ಟಯರಿನ ಪಕ್ಕದ ಗೋಡೆ ಸೀಳಿದ್ದರೆ, ಗುಳ್ಳೆಯಂತೆ ಉಬ್ಬಿದ್ದರೆ, ಒಳಗಿನ ನೂಲು ಕಾಣುತ್ತಿದ್ದರೆ ಚೌಕಾಸಿ ಬೇಡ, ಬದಲಿಸಿ. ಗಾಡಿ ಓಡುವಾಗ ಪ್ರತಿ ಸುತ್ತಿಗೂ ಬಾಗುವ ಭಾಗ ಅದು. ಅಲ್ಲಿ ಪ್ಯಾಚ್ ನಿಲ್ಲುವುದಿಲ್ಲ. ಉಬ್ಬು ಅಂದರೆ ಒಳಗಿನ ನೂಲು ಆಗಲೇ ತುಂಡಾಗಿದೆ ಎಂದರ್ಥ. ಸೀಳಿದ ಟಯರಿನೊಳಗೆ ಟ್ಯೂಬ್ ತುರುಕಿ ಓಡಿಸುವ ಉಪಾಯವೂ ಅಪಾಯವೇ. ಗಾಳಿ ಇಲ್ಲದ ಚಕ್ರದಲ್ಲಿ ದೂರ ಓಡಿಸಿದ್ದರೆ ಹೊರಗೆ ಏನೂ ಕಾಣದಿದ್ದರೂ ಒಳಗೆ ಜಜ್ಜಿರುತ್ತದೆ, ಬಿಚ್ಚಿಸಿ ನೋಡಿ.

ಇನ್ನೊಂದು ಸವೆತ. ದ್ವಿಚಕ್ರ ವಾಹನದ ಟಯರಿನ ಗೀರು 0.8 ಮಿ.ಮೀ.ಗಿಂತ ಕಡಿಮೆ ಇರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಗೀರಿನ ತಳದಲ್ಲಿರುವ ಸಣ್ಣ ದಿಬ್ಬದ ಮಟ್ಟಕ್ಕೆ ಟಯರ್ ಸವೆದರೆ ಅದರ ಆಯುಷ್ಯ ಮುಗಿಯಿತು. ಮಳೆಗೆ ಎರೆ ಮಣ್ಣು ರಸ್ತೆಗೆ ಬಂದಾಗ ಬೋಳು ಟಯರ್ ಸಾಬೂನಿನ ಮೇಲೆ ಕಾಲಿಟ್ಟ ಹಾಗೆ. ಅಲ್ಲಿನ ಬೇಸಿಗೆಯ ಬಿಸಿಲಿಗೆ ಹಳೆಯ ರಬ್ಬರ್ ಬಿರುಕು ಬಿಡುವುದೂ ಬೇಗ.

ಹೊಸದು ಕೊಳ್ಳುವಾಗ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಐಎಸ್‌ಐ ಗುರುತನ್ನೂ ನೋಡಿ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಟಯರಿಗೆ ಹೊಸ ಟಯರಿನ ದುಡ್ಡು ಕೊಡುವುದು ಯಾಕೆ?

ಪಂಚರಿಗೆ ನೂರರ ಲೆಕ್ಕ, ಹೊಸ ಟಯರಿಗೆ ಸಾವಿರದ ಲೆಕ್ಕ. ತಿಂಗಳ ಕೊನೆಯಲ್ಲಿ ಮನೆಗೆ ದುಡ್ಡು ಕಳಿಸಬೇಕಾದ ಹುಡುಗ ನೂರನ್ನೇ ಆರಿಸುತ್ತಾನೆ, ಅದು ಸಹಜ. ಈ ಸಲ ಫೋನ್ ಮಾಡಿದಾಗ ಊಟ ಆಯಿತಾ ಎಂದು ಕೇಳಿದ ಮೇಲೆ ಟಯರ್ ಹೇಗಿದೆ ಎಂದೂ ಕೇಳಿ. ಸೀಳಿದೆ ಎಂದರೆ, "ಈ ತಿಂಗಳು ದುಡ್ಡು ಕಡಿಮೆ ಕಳಿಸಿದರೂ ಸಾಕು, ಮೊದಲು ಟಯರ್ ಹಾಕಿಸು" ಎಂದು ಮನೆಯವರೇ ಹೇಳಬೇಕು.