ಒಂದೇ ರೋಗ, ಎರಡು ಲಕ್ಷಣ

ಶಾರ್ಜಾಕ್ಕೆ ಬಂದ ಮೊದಲ ವರ್ಷವೇ ಹಳೆಯ ಕಾರೊಂದನ್ನು ಕೊಂಡೆ. ಜುಲೈ ತಿಂಗಳ ಮಧ್ಯಾಹ್ನ, 45 ಡಿಗ್ರಿ ಬಿಸಿಲು. ಹಿಂದಿನ ಆಸನದಲ್ಲಿ ಮಡದಿ ಮತ್ತು ಎಂಟು ತಿಂಗಳ ಮಗು. ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ ಮುಳ್ಳು 600 ಮತ್ತು 1,500ರ ನಡುವೆ ತೂಗಾಡತೊಡಗಿತು. ತಾಪಮಾನದ ಮುಳ್ಳು ಕೆಂಪು ಗೆರೆ ಮುಟ್ಟಿತು. ಎಸಿ ಆರಿಸಿ, ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಮಗುವನ್ನೆತ್ತಿಕೊಂಡು ನೆರಳಿಗೆ ಓಡಿದೆವು.

ಮೊದಲ ಗ್ಯಾರೇಜಿನವರು ಥ್ರಾಟಲ್ ಬಾಡಿ ಶುಚಿಗೊಳಿಸಿ ಹಣ ಪಡೆದರು, ತೊಂದರೆ ಮರುಕಳಿಸಿತು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೂಡುಬಿದಿರೆ ಕಡೆಯ ಮೆಕ್ಯಾನಿಕ್ ಒಬ್ಬರು, ಎಂಜಿನ್ ಪೂರ್ತಿ ತಣಿದ ಮೇಲಷ್ಟೇ ರೇಡಿಯೇಟರ್ ಮುಚ್ಚಳ ತೆರೆದು, “ಅಣ್ಣಾ, ರೋಗ ಎರಡಲ್ಲ, ಒಂದೇ” ಎಂದರು. ಹೋಸ್‌ನ ಬಿರುಕಿನಿಂದ ಕೂಲೆಂಟ್ ಸೋರಿ, ಆ ಜಾಗವನ್ನು ಗಾಳಿ ಹೊಕ್ಕಿತ್ತು. ಗಾಳಿ ತಾಗಿದಾಗಲೆಲ್ಲ ತಾಪಮಾನದ ಸೆನ್ಸರ್ ಎಂಜಿನ್ ತಣ್ಣಗಿದೆಯೆಂದು ಭ್ರಮಿಸಿ, ಕಂಪ್ಯೂಟರ್ ಎಂಜಿನ್ನಿನ ವೇಗವನ್ನು ಏರಿಸುತ್ತಿತ್ತು. ಹೋಸ್ ಬದಲಿಸಿ, ಕೂಲೆಂಟ್ ತುಂಬಿ, ಗಾಳಿಯನ್ನು ಹೊರದೂಡಿದೊಡನೆ ಮುಳ್ಳು 750ರಲ್ಲಿ ನೆಲೆನಿಂತಿತು.

ಇಲ್ಲಿಗೆ ಬರಲಿರುವವರು ಹಳೆಯ ಕಾರು ಕೊಳ್ಳುವ ಮುನ್ನ, ಎಸಿ ಹಾಕಿ ಹದಿನೈದು ನಿಮಿಷ ನಿಂತಲ್ಲೇ ಎಂಜಿನ್ ಓಡಿಸಿ ಮುಳ್ಳುಗಳನ್ನು ಗಮನಿಸಿ. ಬಿಸಿ ರೇಡಿಯೇಟರ್‌ನ ಮುಚ್ಚಳವನ್ನು ಎಂದಿಗೂ ತೆರೆಯಬೇಡಿ. ಊರಿನಲ್ಲಿ ಇದನ್ನು ಓದುವ ಅಮ್ಮ ಗಾಬರಿಯಾಗದಿರಲಿ: ಈಗ ವಾರಕ್ಕೊಮ್ಮೆ, ಬೆಳಗಿನ ತಂಪಿನಲ್ಲಿ, ಕೂಲೆಂಟ್ ಮಟ್ಟ ನೋಡಿಯೇ ಕಾರನ್ನು ಹೊರತೆಗೆಯುತ್ತೇನೆ.