ಭೂಕಾಂತದ ದಿಢೀರ್ ತಿರುವು ಹಿಡಿಯುವವರು

ಪಾಮನಕಲ್ಲೂರಿನ ಎರೆಹೊಲದಲ್ಲಿ ದಿಕ್ಸೂಚಿ ಹಿಡಿದು ನಿಂತರೆ ಸೂಜಿ ಉತ್ತರಕ್ಕೆ ತಿರುಗಿ ಸುಮ್ಮನಾಗುತ್ತದೆ. ಸುಮ್ಮನಾದಂತೆ ಕಾಣುತ್ತದೆ, ಅಷ್ಟೇ. ರಾಯಚೂರು ಸೀಮೆಯಲ್ಲಿ ಭೂಮಿಯ ಕಾಂತಬಲ ಸುಮಾರು 42–43 ಸಾವಿರ ನ್ಯಾನೋಟೆಸ್ಲಾ. ಹೊತ್ತೇರಿದಂತೆ ಅದು ಹತ್ತಾರು ಅಂಕ ಏರಿ, ಸಂಜೆಗೆ ಇಳಿಯುತ್ತದೆ. ಈ ಏರಿಳಿತವನ್ನು ಹಗಲಿರುಳು ಬರೆದಿಡುವ ವೀಕ್ಷಣಾಲಯಗಳಲ್ಲಿ ನಮಗೆ ಹತ್ತಿರದ್ದು ಹೈದರಾಬಾದಿನದು. ಉಪ್ಪಲ್ ರಸ್ತೆಯ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಲ್ಲಿ 1964ರಿಂದ ಈ ಕೆಲಸ ನಡೆದಿದೆ. ದವಾಖಾನೆಗೋ ದುಡಿಮೆಗೋ ಹೈದರಾಬಾದಿಗೆ ಹೋಗಿಬರುವ ನಮ್ಮ ಕಡೆಯವರಲ್ಲಿ ಎಷ್ಟೋ ಮಂದಿ ಅದರ ಗೇಟು ನೋಡಿರುತ್ತಾರೆ, ಒಳಗೇನಿದೆ ಎಂದು ಕೇಳಿರಲಿಕ್ಕಿಲ್ಲ.

ಇಂಥ ವೀಕ್ಷಣಾಲಯಗಳ ಅಳತೆ ಕೋಣೆಗಳಿಗೆ ಕಬ್ಬಿಣದ ಒಂದು ಮೊಳೆಯೂ ನಿಷಿದ್ಧ. ಹಿತ್ತಾಳೆ ತಿರುಪು, ತಾಮ್ರದ ಕೀಲು. ಅಳತೆಗೆ ಕೂರುವವರು ಗಡಿಯಾರ, ಬೆಲ್ಟು, ಬೀಗದಕೈ, ಮೊಬೈಲು ಎಲ್ಲವನ್ನೂ ಹೊರಗಿಟ್ಟು ಬರಬೇಕು. ಅಲ್ಲಿರುವ ಪ್ರೋಟಾನ್ ಮಾಪಕದ ಕೆಲಸ ಸೊಗಸಾದದ್ದು. ಬಾಟಲಿಯಷ್ಟು ದ್ರವದಲ್ಲಿನ ಪ್ರೋಟಾನುಗಳು ಭೂಕಾಂತದ ಸುತ್ತ ಓಲಾಡುತ್ತವೆ; 43 ಸಾವಿರ ನ್ಯಾನೋಟೆಸ್ಲಾ ಇದ್ದಲ್ಲಿ ಸೆಕೆಂಡಿಗೆ ಸುಮಾರು 1,830 ಸಲ. ಆ ಓಲಾಟವನ್ನು ಎಣಿಸಿದರೆ ಬಲ ಎಷ್ಟೆಂದು ಗೊತ್ತಾಯಿತು.

ಅಳೆಯುವುದು ಸುಲಭದ ಭಾಗ. ಕಷ್ಟವಿರುವುದು ದಿಢೀರ್ ಬದಲಾವಣೆಯನ್ನು ಹೆಕ್ಕುವುದರಲ್ಲಿ. ನಾಲೆಯ ಕೊನೆ ಭಾಗದ ರೈತನಿಗೆ ಇದು ಬಿಡಿಸಿ ಹೇಳಬೇಕಿಲ್ಲ: ನೀರು ದಿನದಿಂದ ದಿನಕ್ಕೆ ಕಡಿಮೆಯಾಗುವುದು ಬೇರೆ, ಮೇಲೆ ಯಾರೋ ತೂಬು ಎತ್ತಿದಾಗ ಇಳಿಯುವುದು ಬೇರೆ.

ತೂಬು ಎತ್ತುವವರು ಇಲ್ಲಿ ಇಬ್ಬರು. ಒಬ್ಬ ಸೂರ್ಯ. ಅವನು ಎಸೆದ ಕಣಗಳ ಅಲೆ ಬಡಿದಾಗ ಕಾಂತಬಲ ಕೆಲವೇ ನಿಮಿಷಗಳಲ್ಲಿ ಜಿಗಿದು, ಆಮೇಲೆ ತಾಸುಗಟ್ಟಲೆ ಕುಸಿಯುತ್ತದೆ. 1859ರ ಸೆಪ್ಟೆಂಬರ್ 2ರಂದು ಬೊಂಬಾಯಿಯ ಕೊಲಾಬಾದಲ್ಲಿ ಅದು ಸುಮಾರು 1,600 ನ್ಯಾನೋಟೆಸ್ಲಾ ಕುಸಿದಿತ್ತು. ಕಣ್ಣಿಂದ ನೋಡಿ ಕೈಯಿಂದ ಬರೆದ ಆ ಲೆಕ್ಕ 2003ರಲ್ಲಿ ಹೊಸದಾಗಿ ವಿಶ್ಲೇಷಣೆಗೊಂಡು ಪ್ರಕಟವಾಯಿತು. ಇನ್ನೊಬ್ಬ ಕಾಲ ಕೆಳಗೆ, 2,900 ಕಿಲೋಮೀಟರ್ ಆಳದಲ್ಲಿ ಕುದಿಯುವ ಕರಗಿದ ಕಬ್ಬಿಣ. ಅದರ ಹರಿವು ಪಥ ಬದಲಿಸಿದರೆ ಕಾಂತಬಲ ವರ್ಷಕ್ಕೆ ಎಷ್ಟು ಬದಲಾಗುತ್ತಿತ್ತೋ ಆ ವೇಗವೇ ಗಕ್ಕನೆ ತಿರುಗುತ್ತದೆ. 1969ರ ತಿರುವನ್ನು ಫ್ರೆಂಚ್ ವಿಜ್ಞಾನಿಗಳು ಗುರುತಿಸಿದ್ದು 1978ರಲ್ಲಿ. ಇಲ್ಲಿ ‘ದಿಢೀರ್’ ಎಂದರೆ ಒಂದು ವರ್ಷದ ಆಸುಪಾಸು. ಭೂಗರ್ಭದ ಲೆಕ್ಕದಲ್ಲಿ ಅದೇ ಅವಸರ.

ಇಂಥ ತಿರುವನ್ನು ಹೆಕ್ಕಲು ವೇವ್‌ಲೆಟ್ ಎಂಬ ಗಣಿತವಿದೆ. ತೈಲ ಹುಡುಕುವ ಕಂಪನಿಯಲ್ಲಿದ್ದ ಜ್ಯಾಂ ಮೊರ್ಲೆ ನೆಲದ ಕಂಪನಗಳನ್ನು ಓದಲು ಹೊಸೆದದ್ದು ಅದು. ಎದ್ದು ಬಿದ್ದು ಎರಡೂ ತುದಿಯಲ್ಲಿ ಸೊನ್ನೆಯಾಗುವ ಪುಟ್ಟ ಅಲೆಯನ್ನು ದಾಖಲೆಯ ಉದ್ದಕ್ಕೂ ಸರಿಸುತ್ತ, ಹೋದಲ್ಲೆಲ್ಲ ಎರಡನ್ನೂ ಗುಣಿಸಿ ಕೂಡುತ್ತಾರೆ. ನಯವಾದ ಇಳಿಜಾರಿದ್ದಲ್ಲಿ ಮೊತ್ತ ಸೊನ್ನೆಯ ಹತ್ತಿರ, ತಿರುವಿದ್ದಲ್ಲಿ ಉಬ್ಬುತ್ತದೆ. ಅಲೆಯನ್ನು ಹಿಗ್ಗಿಸಿ ಮತ್ತೆ ಸರಿಸುತ್ತಾರೆ, ಇನ್ನಷ್ಟು ಹಿಗ್ಗಿಸಿ ಮತ್ತೊಮ್ಮೆ. ಸಣ್ಣದು ದೊಡ್ಡದು ಎಲ್ಲ ಅಲೆಗಳೂ ಒಂದೇ ಗಳಿಗೆಯತ್ತ ಬೆರಳು ಮಾಡಿದರೆ ಅದು ನಿಜವಾದ ತಿರುವು. ಸಣ್ಣ ಅಲೆಗೆ ಕಂಡು ದೊಡ್ಡದಕ್ಕೆ ಕಾಣದಿದ್ದರೆ ಗೇಟಿನ ಮುಂದೆ ಲಾರಿ ಹಾದುಹೋಗಿರಬಹುದು.

ಆದರೆ ನನ್ನ ಕಣ್ಣಿಗೆ ಗಣಿತಕ್ಕಿಂತ ದೊಡ್ಡದು ಬಿಡದೆ ಬರೆದಿಟ್ಟ ಹಟ. ದಾಖಲೆ ನಡುವೆ ಕಡಿದರೆ ಯಾವ ವೇವ್‌ಲೆಟ್ಟೂ ಹೊಲಿದು ಕೊಡದು. ಬೊಂಬಾಯಿಗೆ ವಿದ್ಯುತ್ ಟ್ರಾಮ್ ಬರುತ್ತದೆ, ಅದು ಕೊಲಾಬಾದ ಅಳತೆಯನ್ನು ಕೆಡಿಸುತ್ತದೆ ಎಂದಾಗ ನಾನಾಭಾಯ್ ಫ್ರಾಮ್‌ಜಿ ಮೂಸ್ ಅವರು 1904ರಲ್ಲಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ಎಬ್ಬಿಸಿದರು. ಹಳೆಯದನ್ನು ತಕ್ಷಣ ಮುಚ್ಚಲಿಲ್ಲ. 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದು ತಾಳೆ ನೋಡಿದರು. ಹಾಗಾಗಿ 1840ರ ದಶಕದಲ್ಲಿ ಶುರುವಾದ ಸರಣಿ ಇವತ್ತಿಗೂ ಒಂದೇ ಎಳೆ.

ಈಗ ಕಾವಲು ಆಕಾಶದಲ್ಲೂ ಇದೆ. ಸೂರ್ಯನ ದಿಕ್ಕಿನಲ್ಲಿ 15 ಲಕ್ಷ ಕಿಲೋಮೀಟರ್ ದೂರದ ಆದಿತ್ಯ–ಎಲ್1 ನೌಕೆ 2024ರ ಜನವರಿಯಲ್ಲಿ ಚಾಚಿದ ಆರು ಮೀಟರ್ ತೋಳಿನ ಮೇಲಿರುವ ಕಾಂತಮಾಪಕಗಳು ಬೆಂಗಳೂರಿನಲ್ಲೇ ತಯಾರಾದವು. ಸೂರ್ಯನ ಹೊಡೆತ ಭೂಮಿಗಿಂತ ಸ್ವಲ್ಪ ಮೊದಲೇ ಅವಕ್ಕೆ ತಾಗುತ್ತದೆ.

ಭೂಗರ್ಭಕ್ಕೆ ಅಂಥ ಮುನ್ಸೂಚನೆ ಇಲ್ಲ. ದಿಕ್ಸೂಚಿಯ ದಿಕ್ಕನ್ನು ತಿದ್ದಿಕೊಳ್ಳಲು ಬಳಸುವ 2015ರ ವಿಶ್ವ ಕಾಂತ ಮಾದರಿ ಐದು ವರ್ಷ ಬಾಳಬೇಕಿತ್ತು. ನಡುವೆ ಒಳಗಿನ ಹರಿವು ಏರುಪೇರಾಗಿ, ಉತ್ತರ ಧ್ರುವದ ಕಡೆ ತಪ್ಪು ಮಿತಿಮೀರಿ, 2019ರ ಫೆಬ್ರವರಿಯಲ್ಲೇ ತಿದ್ದುಪಡಿ ಹೊರಡಿಸಬೇಕಾಯಿತು. ಮಸ್ಕಿ ಬಸ್ ನಿಲ್ದಾಣದಲ್ಲಿ ನಿಂತು ಮೊಬೈಲಿನಲ್ಲಿ ದಿಕ್ಕು ನೋಡುವವರ ಫೋನೂ ನಂಬಿರುವುದು ಇಂಥದೇ ಮಾದರಿಯನ್ನು.