ಶಿಲಾಸಮಾಧಿಗಳೂ ಸೀಮಾರೇಖೆಗಳೂ

ದಕ್ಷಿಣದೇಶದ ಬಂಡೆಭೂಮಿಗಳಲ್ಲಿ ಗುಂಡುಗಳನ್ನು ವರ್ತುಲಾಕಾರವಾಗಿ ಇಟ್ಟು, ನಡುವೆ ಚಪ್ಪಡಿಗಳಿಂದ ಕೋಣೆಯನ್ನು ರಚಿಸಿ, ಅದರೊಳಗೆ ಅಸ್ಥಿಗಳನ್ನೂ ಮಡಕೆಗಳನ್ನೂ ಕಬ್ಬಿಣದ ಆಯುಧಗಳನ್ನೂ ನಿಕ್ಷೇಪಿಸಿರುವ ಸಮಾಧಿಗಳು ಅಲ್ಲಲ್ಲಿ ಕಾಣಬರುವುವು. ಇವುಗಳನ್ನು ನಮ್ಮವರು ಪಾಂಡವರ ಗುಡಿ, ಮೋರ್ಯರ ಮನೆ ಎಂದು ಕರೆಯುವರು. ಕೊಯಮತ್ತೂರು, ಸೇಲಂ ಕಡೆಯ ತಮಿಳರು ಪಾಂಡುಕುಳಿ ಎನ್ನುವರು. ತಮಿಳಿನಲ್ಲಿ ‘ಪಂಡು’ ಎಂದರೆ ಪೂರ್ವಕಾಲ. ಆದುದರಿಂದ ‘ಹಳೆಯ ಕಾಲದ ಕುಳಿ’ ಎಂಬ ಮಾತೇ ಮೊದಲು ಇದ್ದು, ಪಾಂಡವರು ಅನಂತರ ಬಂದು ಸೇರಿರಬಹುದೆಂದು ನನಗೆ ತೋರುತ್ತದೆ. ಪಾಂಡವರು ವನವಾಸದಲ್ಲಿ ಇಳಿದುಕೊಳ್ಳದ ಬೆಟ್ಟ ನಮ್ಮ ನಾಡಿನಲ್ಲಿ ಯಾವುದೂ ಇಲ್ಲವಷ್ಟೆ.

ಇವುಗಳ ರಚನಾಕ್ರಮವು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ವೀಲರ್ ಎಂಬ ವಿದ್ವಾಂಸರು ನಡೆಯಿಸಿದ ಉತ್ಖನನದಿಂದ ಸ್ಪಷ್ಟವಾಯಿತು. ನಾಲ್ಕು ಚಪ್ಪಡಿಗಳನ್ನು ಪೆಟ್ಟಿಗೆಯಂತೆ ಮೂಲೆಗೆ ಮೂಲೆ ಕೂಡಿಸಿಲ್ಲ. ಪ್ರತಿಯೊಂದರ ಒಂದು ಅಂಚು ಪಕ್ಕದ ಚಪ್ಪಡಿಯನ್ನು ದಾಟಿ ಮುಂಚಾಚಿ, ಮೇಲಿನಿಂದ ನೋಡಿದರೆ ಸ್ವಸ್ತಿಕದಂತೆ ಕಾಣುವಂತೆ ನಿಲ್ಲಿಸಿದ್ದಾರೆ. ಹೊರಗಿನ ಮಣ್ಣು ಒತ್ತಿದಷ್ಟೂ ಒಂದು ಕಲ್ಲು ಮತ್ತೊಂದಕ್ಕೆ ಆನಿಕೆಯಾಗುವುದಲ್ಲದೆ ಕೋಣೆಯು ಒಳಕ್ಕೆ ಕುಸಿಯುವುದಿಲ್ಲ. ಗಾರೆಯಿಲ್ಲ, ಬೆಸುಗೆಯಿಲ್ಲ. ಪೂರ್ವದಿಕ್ಕಿನ ಚಪ್ಪಡಿಯಲ್ಲಿ ದುಂಡಾದ ರಂಧ್ರವುಂಟು. ದೊರೆತ ಎಲುಬುಗಳು ಇಡಿಯ ದೇಹದವಲ್ಲ, ಬೇರೆಡೆ ಆಯ್ದು ತಂದವು. ಇಂತಹ ಚಪ್ಪಡಿಗಳನ್ನು ಎಬ್ಬಿಸುವ ಉಪಾಯವೂ ನಮಗೆ ಅಪರಿಚಿತವಲ್ಲ: ಬಂಡೆಯ ಮೇಲೆ ಸೌದೆ ಉರಿಸಿ ಪದರವು ಬಿಟ್ಟುಕೊಂಡ ಬಳಿಕ ಹಾರೆಯಿಂದ ಮೀಟುವುದನ್ನು ಕಲ್ಲುಕುಟಿಗರು ಬಲ್ಲರು.

ಶತಪಥಬ್ರಾಹ್ಮಣದ ಹದಿಮೂರನೆಯ ಕಾಂಡದಲ್ಲಿ ಶ್ಮಶಾನದ ಆಕಾರವಿಚಾರವು ಬಂದಿದೆ. ದೈವೀಪ್ರಜೆಗಳು ಅದನ್ನು ಚತುರಸ್ರವಾಗಿಯೂ, ಆಸುರರೂ ಪ್ರಾಚ್ಯರೂ ಪರಿಮಂಡಲವಾಗಿಯೂ ಮಾಡುವರೆಂದು ಅಲ್ಲಿನ ಅಭಿಪ್ರಾಯ. ಇದನ್ನು ಹಿಡಿದು ನಮ್ಮ ಶಿಲಾವರ್ತುಲಗಳನ್ನು ಆಸುರವೆಂದು ನಿರ್ಣಯಿಸಲು ಹೊರಡುವುದು ಸರಿಯಲ್ಲ. ಬ್ರಹ್ಮಗಿರಿಯಲ್ಲಿ ಒಳಗೆ ಚತುರಸ್ರ, ಹೊರಗೆ ಪರಿಮಂಡಲ; ಎರಡೂ ಒಂದೇ ಸಮಾಧಿಯಲ್ಲಿ ಇವೆ. ಶ್ರುತಿಯು ಹೇಳಿದ್ದು ಪ್ರಾಚ್ಯರ ವಿಷಯ, ದಾಕ್ಷಿಣಾತ್ಯರದಲ್ಲ.

ಇದೇ ಬಗೆಯ ಶಿಲಾವರ್ತುಲಗಳು ಬಹುದೂರದ ಪಶ್ಚಿಮ ಆಫ್ರಿಕದಲ್ಲಿಯೂ ಉಂಟು. ಗ್ಯಾಂಬಿಯಾ ನದಿಯ ಉದ್ದಕ್ಕೂ ಸುಮಾರು ೩೫೦ ಕಿಲೋಮೀಟರು ವ್ಯಾಪ್ತಿಯಲ್ಲಿ ಸಾವಿರಕ್ಕೂ ಮಿಕ್ಕಿದ ಸ್ಮಾರಕಗಳಿವೆ. ಅವುಗಳಲ್ಲಿ ವಾಸು, ಕೆರ್ಬಾಚ್ ಎಂಬವು ಗ್ಯಾಂಬಿಯಾ ದೇಶದವು; ಸೀನ್ ಎನ್ಗಾಯೆನ್, ವನಾರ್ ಎಂಬವು ಸೆನೆಗಲ್ ದೇಶದವು. ಈ ನಾಲ್ಕು ನೆಲೆಗಳಲ್ಲಿಯೇ ೯೩ ವರ್ತುಲಗಳು. ಅಲ್ಲಿನ ಕಂಬಗಳು ಸರಾಸರಿ ಎರಡು ಮೀಟರು ಎತ್ತರ, ಏಳು ಟನ್ನು ತೂಕದವು. ನಮ್ಮವು ಒಡೆದ ಬಂಡೆಗಳಾದರೆ ಅವು ಕಬ್ಬಿಣದ ಉಪಕರಣಗಳಿಂದ ಒಂದೇ ಅಚ್ಚಿನಲ್ಲಿ ಹೊಯ್ದಂತೆ ಕಡೆದವು. ಇದಕ್ಕೆ ಕಾರಣ ಕಲ್ಲಿನ ಜಾತಿ. ಅದು ನಮ್ಮ ಕರಾವಳಿಯಲ್ಲಿ ಮನೆ ಕಟ್ಟುವ ಮುರಕಲ್ಲು; ಅಗೆದಾಗ ಮೆದು, ಗಾಳಿ ತಗುಲಿದ ಮೇಲೆ ಗಟ್ಟಿ. ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಅದು ೧೮೦೭ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿದೆ. ೧೮೦೦ರಲ್ಲಿ ಕೊಳ್ಳೇಗಾಲ, ಹನೂರುಗಳ ಮಾರ್ಗವಾಗಿ ಘಟ್ಟವನ್ನಿಳಿದು ಕಾವೇರಿಪುರಕ್ಕೆ ಹೋದವನೂ ಅವನೇ.

ಆಫ್ರಿಕದ ಆ ವರ್ತುಲಗಳ ಸೀಮೆಯನ್ನು ಆಂಗ್ಲರೂ ಫ್ರೆಂಚರೂ ತಮ್ಮೊಳಗೆ ಹಂಚಿಕೊಂಡುದರಿಂದ ಒಂದೇ ಜನರ ಕೃತಿಯು ಎರಡು ರಾಜ್ಯಗಳ ಪಾಲಾಯಿತು. ಆದರೂ ಎರಡು ದೇಶಗಳೂ ಸೇರಿ ಮನವಿ ಮಾಡಿ, ೨೦೦೬ರಲ್ಲಿ ಅವುಗಳನ್ನು ಒಟ್ಟಿಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿಕೊಂಡವು. ನಮ್ಮ ಸೀಮೆಗೂ ಇದೇ ಬಗೆಯ ವಿಭಾಗವು ಒದಗಿತ್ತು. ಯಳಂದೂರು ಮೈಸೂರಿನದಾದುದರಿಂದ ಅದರ ಶಾಸನಗಳು ೧೮೯೮ರಲ್ಲಿಯೇ ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಅಚ್ಚಾದುವು. ಕೊಳ್ಳೇಗಾಲ ತಾಲ್ಲೂಕು ೧೯೫೬ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ ಅದರ ಶಾಸನಗಳು ಆ ಸಂಪುಟಕ್ಕೆ ಬರಲು ಮೈಸೂರು ವಿಶ್ವವಿದ್ಯಾನಿಲಯದ ೧೯೭೫ರ ಪರಿಷ್ಕೃತ ಆವೃತ್ತಿಯವರೆಗೆ ಕಾಯಬೇಕಾಯಿತು. ಅಕ್ಷರವಿರುವ ಕಲ್ಲಿಗೇ ಈ ವಿಳಂಬವಾದರೆ ಅಕ್ಷರವಿಲ್ಲದ ಕಲ್ಲಿನ ಪಾಡನ್ನು ಹೇಳಬೇಕಾದುದಿಲ್ಲ. ಮಾರ್ಟಳ್ಳಿಯಂತೆ ಇಂದಿಗೂ ಎರಡು ರಾಜ್ಯಗಳ ಅಂಚಿನಲ್ಲಿರುವ, ಕನ್ನಡ ತಮಿಳುಗಳೆರಡೂ ಕೇಳಿಬರುವ ಊರುಗಳಲ್ಲಿ ಇವುಗಳ ಶೋಧವು ಮೊದಲು ನಡೆಯಬೇಕು.

ಚಪ್ಪಡಿಯು ಚರಂಡಿಗೂ ಬೇಲಿಗೂ ಒದಗುವ ವಸ್ತು. ಗುಂಡುಗಳು ಉಳುವವನಿಗೆ ಅಡ್ಡಿ. ಹೊಲವನ್ನು ಹಸನು ಮಾಡುವ ರೈತನನ್ನು ದೂಷಿಸಿ ಫಲವಿಲ್ಲ. ಆದರೆ ಕಲ್ಲು ಕದಲುವ ಮುನ್ನ ವರ್ತುಲದ ಅಡ್ಡಳತೆ, ಗುಂಡುಗಳ ಸಂಖ್ಯೆ, ರಂಧ್ರವು ಮುಖಮಾಡಿದ ದಿಕ್ಕು, ಚಪ್ಪಡಿಯ ಯಾವ ಅಂಚು ಯಾವುದನ್ನು ದಾಟಿದೆ ಎಂಬುದು, ಜನರು ಆ ಸ್ಥಳಕ್ಕೆ ಇಟ್ಟಿರುವ ಹೆಸರು, ಇಷ್ಟನ್ನು ಬರೆದಿಟ್ಟುಕೊಳ್ಳಲು ಊರಿನ ಉಪಾಧ್ಯಾಯರಿಗೆ ಒಂದು ಹಗ್ಗವೂ ದಿಕ್ಸೂಚಿಯೂ ಸಾಕು. ಒಳಗನ್ನು ಮಾತ್ರ ಯಾರೂ ಅಗೆಯಬಾರದು. ನಿಧಿಯ ಆಸೆಯಿಂದ ಅಗೆದವರಿಗೆ ದೊರೆಯುವುದು ಕಪ್ಪು ಕೆಂಪು ಮಡಕೆಯ ಚೂರುಗಳು, ತುಕ್ಕು ಹಿಡಿದ ಕಬ್ಬಿಣ ಮತ್ತು ಯಾರದೋ ಎಲುಬು.